ರೊಟ್ಟಿಯೂ ಪೊಟ್ಟಣವೂ: ‘ಲೋ ಕಾರ್ಬ್’ ತಿನಿಸು ಕೊಳ್ಳುವ ಮುನ್ನ ಮಾಡಬೇಕಾದ ಲೆಕ್ಕ

ನಮ್ಮ ಭಾವನವರ ರಕ್ತಪರೀಕ್ಷೆಯಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ, ಅಂದರೆ ಎಚ್‌ಬಿಎ1ಸಿ, 7.4, ಅಂದರೆ ಮಧುಮೇಹದ ಮಟ್ಟ, ಎಂದು ಬಂದ ವಾರವೇ ಹುಬ್ಬಳ್ಳಿ ನವನಗರದ ಅವರ ಮನೆಗೆ ಎಂಟು ಪೊಟ್ಟಣಗಳು ಬಂದಿಳಿದವು. ಪಿಷ್ಟ ತೀರ ಕಡಿಮೆ ಎನ್ನುವ ಕೀಟೋ ಹಿಟ್ಟು, ಲೋ ಕಾರ್ಬ್ (ಕಾರ್ಬೋಹೈಡ್ರೇಟ್ ಕಡಿಮೆ ಎನ್ನುವ) ಬಿಸ್ಕತ್ತು, ಸಕ್ಕರೆ ಇಲ್ಲದ ಚಾಕೊಲೇಟು, ಪ್ರೋಟೀನ್ ಬಾರು, ಸಿರಿಧಾನ್ಯದ ಕುಕೀಸು, ಇನ್ನೂ ಏನೇನೋ. ಅಕ್ಕ ಬಿಲ್ಲನ್ನು ನನ್ನ ಕೈಗಿಟ್ಟು, ‘ನೀನು ಲೆಕ್ಕದವನಲ್ಲವೇ, ಇದರಲ್ಲಿ ಯಾವುದು ಅವರ ಹೊಟ್ಟೆಗೆ, ಯಾವುದು ಅಂಗಡಿಯವನ ಹೊಟ್ಟೆಗೆ ಹೇಳು’ ಎಂದಳು. ನಾನು ಮೂವತ್ತು ವರ್ಷ ಲೆಕ್ಕಪತ್ರ ನೋಡಿದವನು, ವೈದ್ಯನಲ್ಲ. ಆದರೆ ಪೊಟ್ಟಣದ ಹಿಂಬದಿ ಎಂಬುದು ಒಂದು ಜಮಾಖರ್ಚಿನ ಪಟ್ಟಿಯೇ. ಅದನ್ನು ಓದಲು ಕೂಡುವುದು, ಕಳೆಯುವುದು, ಗುಣಿಸುವುದು ಬಂದರೆ ಸಾಕು. ಅಂದು ಆ ಎಂಟು ಪೊಟ್ಟಣಗಳನ್ನು ಪರೀಕ್ಷಿಸಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗುಳಿಗೆಯ ಚೀಟಿ ತೆಗೆಯಿರಿ

ಅಂಗಡಿಗೆ ಹೋಗುವುದು ಆಮೇಲೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಗುಳಿಗೆ ತೆಗೆದುಕೊಳ್ಳುವವರು ಊಟದ ಪಿಷ್ಟವನ್ನು, ಅಂದರೆ ಕಾರ್ಬೋಹೈಡ್ರೇಟನ್ನು, ಒಮ್ಮೆಗೇ ಇಳಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಏಕೆಂದರೆ ಗುಳಿಗೆಯ ಪ್ರಮಾಣ ನಿಗದಿಯಾಗಿದ್ದು ಹಳೆಯ ಊಟಕ್ಕೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಔಷಧಿ ಇದ್ದರೆ ಕಾರ್ಬೋಹೈಡ್ರೇಟ್ ತೀರ ಕಡಿಮೆ ಮಾಡುವುದರಿಂದ ಕೀಟೋಅಸಿಡೋಸಿಸ್ ಎಂಬ ಗಂಭೀರ ತೊಂದರೆಯ ಭಯವಿದೆ. ಆಗ ಮೀಟರಿನಲ್ಲಿ ಸಕ್ಕರೆ ಹೆಚ್ಚು ಏರಿರದೆಯೂ ಅದು ಬರಬಹುದು. ಮೂತ್ರಪಿಂಡದ ತೊಂದರೆ ಇರುವವರಿಗೆ ಪ್ರೋಟೀನ್ ತುಂಬಿದ ಹಿಟ್ಟು ಹಿತವಲ್ಲ. ಗರ್ಭಿಣಿಯರು ಈ ಪ್ರಯೋಗಕ್ಕೆ ಇಳಿಯಲೇಬಾರದು. ಇವರಲ್ಲಿ ನೀವೊಬ್ಬರಾಗಿದ್ದರೆ ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಂಡು ಬನ್ನಿ, ಉಳಿದದ್ದನ್ನು ಆಮೇಲೆ ಓದಬಹುದು. ಭಾವನವರು ತೆಗೆದುಕೊಳ್ಳುತ್ತಿದ್ದುದು ಮೆಟ್‌ಫಾರ್ಮಿನ್ ಒಂದೇ. ವೈದ್ಯರು ‘ಊಟ ಬದಲಿಸಿ, ಆದರೆ ಬರೆದಿಡಿ’ ಎಂದಿದ್ದರು.

ಮುಂಬದಿಯನ್ನು ಮರೆತು ಹಿಂಬದಿ ತಿರುಗಿಸಿ

ಮುಂಬದಿಯ ಮಾತುಗಳಲ್ಲಿ ಕೆಲವಕ್ಕೆ ಮಾತ್ರ ಕಾನೂನಿನ ತೂಕವಿದೆ. ‘ಸಕ್ಕರೆ ರಹಿತ’ ಎಂದು ಬರೆಯಬೇಕಾದರೆ 100 ಗ್ರಾಂನಲ್ಲಿ ಸಕ್ಕರೆ ಅರ್ಧ ಗ್ರಾಂ ಮೀರಬಾರದು. ‘ನಾರಿನಂಶ ಹೆಚ್ಚು’ ಎನ್ನಲು 100 ಗ್ರಾಂಗೆ 6 ಗ್ರಾಂ ನಾರು ಇರಬೇಕು. ಇವು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ತಂದ ನಿಯಮಗಳು. ‘ಲೋ ಕಾರ್ಬ್’, ‘ಕೀಟೋ’, ‘ಡಯಾಬಿಟಿಕ್ ಫ್ರೆಂಡ್ಲಿ’ ಎಂಬ ಮಾತುಗಳಿಗೆ ಹೀಗೆ ಗ್ರಾಂ ಲೆಕ್ಕದ ಗೆರೆ ಇಲ್ಲ. 100 ಗ್ರಾಂಗೆ 10 ಗ್ರಾಂ ಪಿಷ್ಟ ಇರುವುದೂ ಲೋ ಕಾರ್ಬ್, 45 ಗ್ರಾಂ ಇರುವುದೂ ಲೋ ಕಾರ್ಬ್.

‘ಸಕ್ಕರೆ ಬೆರೆಸಿಲ್ಲ’ ಎಂಬುದು ಇನ್ನೊಂದು ಜಾಣ ಮಾತು. ಸಕ್ಕರೆಯ ಬದಲು ಖರ್ಜೂರ ಅರೆದು ಹಾಕಿದರೂ ಹಾಗೆಯೇ ಬರೆಯುವವರಿದ್ದಾರೆ, ಖರ್ಜೂರದ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸಕ್ಕರೆಯೇ. ನಮ್ಮ ಧಾರವಾಡದ ಪೇಡೆಯನ್ನೂ ಸಕ್ಕರೆ ಹಾಕದೆ ಮಾಡಿಕೊಡುವವರು ಈಗ ಸಿಗುತ್ತಾರೆ. ಆದರೆ ಖೋವಾದಲ್ಲಿ ಹಾಲಿನದೇ ಸಕ್ಕರೆ ಇರುತ್ತದೆ, ಹಾಲನ್ನು ಬತ್ತಿಸಿದಷ್ಟೂ ಅದು ಗಟ್ಟಿಯಾಗುತ್ತದೆ. ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ತಿನ್ನುವುದಾದರೆ ಹಬ್ಬಕ್ಕೊಂದು ನಿಜವಾದ ಪೇಡೆ ತಿನ್ನಿ, ಸುಳ್ಳು ಪೇಡೆ ನಾಲ್ಕು ತಿನ್ನಬೇಡಿ.

ಹಿಂಬದಿಯ ಕೋಷ್ಟಕದಲ್ಲಿ ‘ಪ್ರತಿ 100 ಗ್ರಾಂ’ ಎಂಬ ಕಂಬವನ್ನು ಮಾತ್ರ ನೋಡಿ. ‘ಪ್ರತಿ ಸರ್ವಿಂಗ್’ ಎಂಬುದು ನಂಬಲು ತಕ್ಕುದಲ್ಲ. ಒಂದು ಬಿಸ್ಕತ್ತನ್ನು ಒಂದು ಸರ್ವಿಂಗ್ ಎಂದು ಬರೆದರೆ ಯಾವ ತಿನಿಸಾದರೂ ಸಾಧುವಾಗಿ ಕಾಣುತ್ತದೆ. ಚಹಾದ ಜೊತೆ ಒಂದೇ ಬಿಸ್ಕತ್ತು ತಿಂದು ಎದ್ದವರನ್ನು ನಾನಂತೂ ಕಂಡಿಲ್ಲ.

ನಾರನ್ನು ಎರಡು ಸಲ ಕಳೆಯಬೇಡಿ

ಇದು ಸ್ವಲ್ಪ ತಲೆ ತಿನ್ನುವ ಹೆಜ್ಜೆ, ಆದರೆ ಮೋಸ ಹೆಚ್ಚು ಆಗುವುದೂ ಇಲ್ಲಿಯೇ. ನಾರು ರಕ್ತದ ಸಕ್ಕರೆಯನ್ನು ಹೆಚ್ಚು ಏರಿಸುವುದಿಲ್ಲ. ಆದ್ದರಿಂದ ಒಟ್ಟು ಕಾರ್ಬೋಹೈಡ್ರೇಟ್‌ನಿಂದ ನಾರನ್ನು ಕಳೆದು ಉಳಿದದ್ದನ್ನು ‘ನೆಟ್ ಕಾರ್ಬ್’ ಎನ್ನುತ್ತಾರೆ. ತಕರಾರು ಎಂದರೆ ಕೆಲವು ಪೊಟ್ಟಣಗಳ ಕಾರ್ಬೋಹೈಡ್ರೇಟ್ ಅಂಕಿಯಲ್ಲಿ ನಾರು ಸೇರಿರುತ್ತದೆ, ಕೆಲವುದರಲ್ಲಿ ಮೊದಲೇ ಕಳೆದಿರುತ್ತಾರೆ. ಕಳೆದದ್ದರಿಂದ ಮತ್ತೆ ಕಳೆದರೆ ತಿನ್ನುವ ಪಿಷ್ಟ ಕಾಗದದ ಮೇಲೆ ಮಾಯವಾಗುತ್ತದೆ, ಹೊಟ್ಟೆಯಲ್ಲಿ ಅಲ್ಲ.

ಪರೀಕ್ಷಿಸಲು ಸುಲಭದ ಉಪಾಯವಿದೆ. 100 ಗ್ರಾಂ ಹಿಟ್ಟಿನಲ್ಲಿ ಪ್ರೋಟೀನ್ 26, ಕೊಬ್ಬು 20, ಕಾರ್ಬೋಹೈಡ್ರೇಟ್ 42, ನಾರು 18 ಎಂದು ಬರೆದಿದೆ ಎಂದುಕೊಳ್ಳಿ. ನಾಲ್ಕನ್ನೂ ಕೂಡಿಸಿ: 106. ನೂರು ಗ್ರಾಂ ಹಿಟ್ಟಿನಲ್ಲಿ ನೂರಾ ಆರು ಗ್ರಾಂ ಹೇಗೆ ಹಿಡಿಸೀತು? ಹಾಗಾದರೆ ಆ 18 ಗ್ರಾಂ ನಾರು 42ರ ಒಳಗೇ ಇದೆ. ಧೈರ್ಯವಾಗಿ ಕಳೆಯಿರಿ, 24 ಉಳಿಯುತ್ತದೆ. ಅದೇ ಮೊತ್ತ 90ರ ಆಸುಪಾಸು ಬಂದರೆ, ಒಣಹಿಟ್ಟಿನಲ್ಲಿ ಸುಮಾರು ಹತ್ತು ಗ್ರಾಂ ತೇವ ಮತ್ತು ಖನಿಜಾಂಶ ಇದ್ದೇ ಇರುವುದರಿಂದ, ನಾರನ್ನು ಬೇರೆಯಾಗಿಯೇ ತೋರಿಸಿದ್ದಾರೆ ಎಂದರ್ಥ. ಆಗ ಕಳೆಯಬೇಡಿ. ಭಾವನವರ ಎಂಟು ಪೊಟ್ಟಣಗಳಲ್ಲಿ ಒಂದರ ಮುಂಬದಿಯಲ್ಲಿ ದೊಡ್ಡದಾಗಿ ಬರೆದಿದ್ದ ನೆಟ್ ಕಾರ್ಬ್ ಅಂಕಿ ಈ ಲೆಕ್ಕಕ್ಕೆ ನಿಲ್ಲಲೇ ಇಲ್ಲ. ಬ್ಯಾಲೆನ್ಸ್ ಶೀಟು ಹೀಗೆ ತಂದಿದ್ದರೆ ನಾನು ಸಹಿ ಹಾಕುತ್ತಿರಲಿಲ್ಲ.

ಪದಾರ್ಥಗಳ ಸಾಲು ಮತ್ತು ಒಂದು ಬಸ್ ಪ್ರಯಾಣ

ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಮೊದಲ ಮೂರು ಹೆಸರು ಓದಿದರೆ ತಿನಿಸಿನ ಜಾತಕ ತಿಳಿಯುತ್ತದೆ. ಸಿರಿಧಾನ್ಯದ ಕುಕೀಸಿನ ಮೇಲೆ ನವಣೆಯ ತೆನೆಯ ಚಿತ್ರವಿತ್ತು, ಸಾಲಿನಲ್ಲಿ ಮೊದಲ ಹೆಸರು ಮೈದಾ. ನವಣೆಯ ಪಾಲು ಎಷ್ಟು ಎಂಬುದು ಪಕ್ಕದಲ್ಲೇ ಶೇಕಡಾ ಲೆಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು. ಬೆಳೆಯುವ ಸೀಮೆಯವರಾದ ನಾವು ಅದನ್ನು ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಹೆಸರು ಕಂಡರೆ ಎಚ್ಚರ. ಅದು ಕೋಷ್ಟಕದ ‘ಸಕ್ಕರೆ’ ಸಾಲಿಗೆ ಬರುವುದಿಲ್ಲ, ಆದರೆ ರಕ್ತಕ್ಕೆ ಸಕ್ಕರೆಯಷ್ಟೇ ಬೇಗ, ಕೆಲವೊಮ್ಮೆ ಅದಕ್ಕಿಂತ ಬೇಗ ಇಳಿಯುತ್ತದೆ. ಸಿಹಿಕಾರಕಗಳು ಹೆಸರಿನ ಬದಲು ಐಎನ್‌ಎಸ್ ಸಂಖ್ಯೆಯಲ್ಲಿ (ಆಹಾರಕ್ಕೆ ಬೆರೆಸುವ ವಸ್ತುಗಳಿಗೆ ಕೊಟ್ಟ ಅಂತರರಾಷ್ಟ್ರೀಯ ಸಂಖ್ಯೆ) ಅಡಗಿರುತ್ತವೆ: 955 ಸುಕ್ರಲೋಸ್, 951 ಆಸ್ಪರ್ಟೇಮ್, 960 ಸ್ಟೀವಿಯಾ, 968 ಎರಿಥ್ರಿಟಾಲ್, 965 ಮಾಲ್ಟಿಟಾಲ್. ಈ ಕೊನೆಯದನ್ನು ಗುರುತಿಟ್ಟುಕೊಳ್ಳಿ. ಎರಿಥ್ರಿಟಾಲ್ ರಕ್ತದ ಸಕ್ಕರೆಯನ್ನು ಬಹುತೇಕ ಮುಟ್ಟುವುದಿಲ್ಲ. ಮಾಲ್ಟಿಟಾಲ್ ಹಾಗಲ್ಲ. ಸಕ್ಕರೆಯ ಅರ್ಧದಷ್ಟು ಕ್ಯಾಲೊರಿ ಅದರಲ್ಲಿದೆ, ರಕ್ತದ ಸಕ್ಕರೆಯನ್ನೂ ಏರಿಸುತ್ತದೆ. ಅಗ್ಗದ ‘ಸಕ್ಕರೆ ರಹಿತ’ ಚಾಕೊಲೇಟುಗಳಲ್ಲಿ ಹೆಚ್ಚಾಗಿ ಸಿಗುವುದು ಇದೇ. ನೆಟ್ ಕಾರ್ಬ್ ಲೆಕ್ಕದಲ್ಲಿ ಇದನ್ನು ಪೂರ್ತಿ ಕಳೆದುಬಿಡುವುದು ತಯಾರಕರ ಅಭ್ಯಾಸ. ನೀವು ಅರ್ಧ ಮಾತ್ರ ಕಳೆಯಿರಿ.

ಇದರ ಇನ್ನೊಂದು ಗುಣವನ್ನು ನಾನು ಸ್ವಂತ ಖರ್ಚಿನಲ್ಲಿ ಕಲಿತೆ. ಭಾವನವರ ಚಾಕೊಲೇಟಿನ ಒಂದು ಪಟ್ಟಿಯನ್ನು ಕಿಸೆಯಲ್ಲಿಟ್ಟುಕೊಂಡು ಧಾರವಾಡಕ್ಕೆ ಹೋಗಿದ್ದೆ. ಸಂಜೆ ಜ್ಯುಬಿಲಿ ಸರ್ಕಲ್ ಬಳಿ ಬಸ್ಸಿಗೆ ಕಾಯುತ್ತ ಪೂರ್ತಿ ತಿಂದು ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ ಹತ್ತಿದೆ. ಸತ್ತೂರು ದಾಟುವಷ್ಟರಲ್ಲಿ ಹೊಟ್ಟೆಯೊಳಗೆ ಮುಂಗಾರು ಗುಡುಗಿತು. ಚಿಗರಿಗೆ ತನ್ನದೇ ದಾರಿ, ಅದು ವೇಗವಾಗಿಯೇ ಓಡುತ್ತದೆ. ಅಂದು ಮಾತ್ರ ಎತ್ತಿನ ಗಾಡಿಯಂತೆ ಕಂಡಿತು. ಮನೆಗೆ ಬಂದು ರ‍್ಯಾಪರ್ ಬಿಡಿಸಿ ಓದಿದರೆ, ಮಡಿಕೆಯ ಸಂದಿಯಲ್ಲಿ ಎಚ್ಚರಿಕೆ ಇತ್ತು: ಪಾಲಿಯೋಲ್‌ಗಳು ಭೇದಿಗೆ ಕಾರಣವಾಗಬಹುದು. ಮಾಲ್ಟಿಟಾಲ್ ಈ ಪಾಲಿಯೋಲ್ ಗುಂಪಿನದೇ. ಮಾಲ್ಟಿಟಾಲ್, ಸಾರ್ಬಿಟಾಲ್ ಇರುವ ತಿನಿಸನ್ನು ಮೊದಲ ಸಲ ಒಂದು ಚೂರು ಮಾತ್ರ, ಮನೆಯಲ್ಲಿ ಇರುವ ದಿನ ತಿಂದು ನೋಡಿ.

ತೂಕ ಇಳಿಸಲೆಂದು ಸಿಹಿಕಾರಕಗಳಿಗೆ ಬದಲಾಗುವುದರಿಂದ ದೀರ್ಘಕಾಲದ ಲಾಭ ಕಾಣುವುದಿಲ್ಲ, ಆ ಉದ್ದೇಶಕ್ಕೆ ಅವುಗಳನ್ನು ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಸಲಹೆ ನೀಡಿತು. ಈಗಾಗಲೇ ಮಧುಮೇಹ ಇರುವವರನ್ನು ಆ ಸಲಹೆಯಿಂದ ಹೊರಗಿಟ್ಟಿದೆ. ಭಾವನವರು ಈ ಎರಡನೆಯ ವಾಕ್ಯವನ್ನು ಮಾತ್ರ ಬಾಯಿಪಾಠ ಮಾಡಿಕೊಂಡಿದ್ದಾರೆ.

ರೂಪಾಯಿಯ ಲೆಕ್ಕ

ಬೆಲೆ ಹೆಚ್ಚೋ ಕಡಿಮೆಯೋ ಎಂದು ಕಿಲೋ ಲೆಕ್ಕದಲ್ಲಿ ಕೇಳುವುದರಿಂದ ಪ್ರಯೋಜನವಿಲ್ಲ. ತಪ್ಪಿಸಿಕೊಂಡ ಒಂದೊಂದು ಗ್ರಾಂ ಪಿಷ್ಟಕ್ಕೆ ಎಷ್ಟು ಕೊಟ್ಟೆ ಎಂದು ಕೇಳಿ.

ಲೆಕ್ಕದ ಅನುಕೂಲಕ್ಕೆ ಪೊಟ್ಟಣದ ಹಿಟ್ಟು ಕಿಲೋಗೆ 500 ರೂಪಾಯಿ, ಜೋಳದ ಹಿಟ್ಟು 50 ರೂಪಾಯಿ ಎಂದಿಟ್ಟುಕೊಳ್ಳೋಣ. ನಿಮ್ಮ ಅಂಗಡಿಯ ದರವನ್ನು ನೀವೇ ತುಂಬಿಕೊಳ್ಳಿ. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೆ ಜೋಳದ್ದಕ್ಕೆ ಎರಡೂವರೆ ರೂಪಾಯಿ, ಪೊಟ್ಟಣದ್ದಕ್ಕೆ 25 ರೂಪಾಯಿ. ನಾರು ಬಿಟ್ಟು ಜೋಳದ ರೊಟ್ಟಿಯಲ್ಲಿ ಸುಮಾರು 34 ಗ್ರಾಂ ಕಾರ್ಬೋಹೈಡ್ರೇಟ್, ಮೇಲೆ ಹೇಳಿದ ಪೊಟ್ಟಣದ ಹಿಟ್ಟಿನದರಲ್ಲಿ 12 ಗ್ರಾಂ. ಉಳಿದದ್ದು 22 ಗ್ರಾಂ, ಹೆಚ್ಚು ಕೊಟ್ಟದ್ದು ಇಪ್ಪತ್ತೆರಡೂವರೆ ರೂಪಾಯಿ. ಗ್ರಾಂಗೆ ಒಂದು ರೂಪಾಯಿ. ದಿನಕ್ಕೆ ನಾಲ್ಕು ರೊಟ್ಟಿಯಂತೆ ತಿಂಗಳಿಗೆ 2,700 ರೂಪಾಯಿ ಹೆಚ್ಚುವರಿ. ಅದೂ ಮನೆಯಲ್ಲಿ ಒಬ್ಬರಿಗೆ.

ಇದೇ ಲೆಕ್ಕವನ್ನು ಬಿಸ್ಕತ್ತಿಗೆ ಹಾಕಿ. ಸಾದಾ ಬಿಸ್ಕತ್ತು 100 ಗ್ರಾಂಗೆ 20 ರೂಪಾಯಿ, 70 ಗ್ರಾಂ ಕಾರ್ಬ್. ‘ಲೋ ಕಾರ್ಬ್’ ಬಿಸ್ಕತ್ತು 120 ರೂಪಾಯಿ, 45 ಗ್ರಾಂ ಎಂದುಕೊಂಡರೆ ಗ್ರಾಂಗೆ ನಾಲ್ಕು ರೂಪಾಯಿ ತೆತ್ತ ಹಾಗಾಯಿತು. ಬಿಸ್ಕತ್ತನ್ನೇ ಬಿಟ್ಟರೆ 70 ಗ್ರಾಂ ಕಾರ್ಬೂ ಉಳಿಯುತ್ತದೆ, 20 ರೂಪಾಯಿಯೂ ಉಳಿಯುತ್ತದೆ.

ಯಾವುದನ್ನು ಇಟ್ಟುಕೊಳ್ಳಬಹುದು

ಭಾವನವರ ಶೆಲ್ಫಿನಿಂದ ಬಿಸ್ಕತ್ತು, ಕುಕೀಸು, ಚಾಕೊಲೇಟು, ಬಾರು ಮೊದಲ ದಿನವೇ ಹೊರಬಿದ್ದವು. ತಿಂಡಿ ತಿನ್ನುವ ಚಪಲವನ್ನು ಅವು ಬಿಡಿಸುವುದಿಲ್ಲ, ಸಾಕುತ್ತವೆ. ಅಮೆರಿಕದಲ್ಲಿ 2003–04ರ ಹೊತ್ತಿಗೆ ಲೋ ಕಾರ್ಬ್ ಅಲೆ ಎದ್ದಾಗ ಬ್ರೆಡ್ಡಿನಿಂದ ಬಿಯರಿನವರೆಗೆ ಎಲ್ಲಕ್ಕೂ ಆ ಚೀಟಿ ಅಂಟಿತ್ತು. ಅಲೆ ಇಳಿದ ಮೇಲೆ 2005ರಲ್ಲಿ ಅದರ ಮುಂದಾಳಾಗಿದ್ದ ಅಟ್ಕಿನ್ಸ್ ಕಂಪನಿಯೇ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು. ಬಾರು ತಿಂದು ಬೇಸತ್ತವರು ಅಲ್ಲಿಯೂ ಬಹಳ ಮಂದಿ ಇದ್ದರೆಂದು ಕಾಣುತ್ತದೆ.

ಹಿಟ್ಟಿಗೆ ಅಷ್ಟು ಸುಲಭವಾಗಿ ತೀರ್ಪು ಕೊಡಲಾರೆ. ಸೋಯಾ, ಬಾದಾಮಿ, ಗೋಧಿಯ ಗ್ಲುಟೆನ್, ಅಗಸಿ, ಇಸಬಗೋಲ ಸೇರಿಸಿ ಮಾಡಿದ ಹಿಟ್ಟಿನಲ್ಲಿ ಪಿಷ್ಟ ನಿಜವಾಗಿಯೂ ಕಡಿಮೆ. ಚಪಾತಿ ಇಲ್ಲದೆ ಊಟವೇ ಇಳಿಯದು ಎನ್ನುವವರಿಗೆ ಅರ್ಧ ಕಿಲೋ ತಂದು ನೋಡಲು ಅಡ್ಡಿಯಿಲ್ಲ. ಗೋಧಿ ಒಗ್ಗದವರು ಗ್ಲುಟೆನ್ ಇದೆಯೇ ನೋಡಲೇಬೇಕು. ಬಾದಾಮಿ, ಅಗಸಿಯ ಎಣ್ಣೆ ನಮ್ಮ ಏಪ್ರಿಲ್ ಬಿಸಿಲಿಗೆ ಬೇಗ ಕಮಟುತ್ತದೆ. ಆದ್ದರಿಂದ ಚಿಕ್ಕ ಪೊಟ್ಟಣ ತನ್ನಿ, ತೆರೆದ ದಿನಾಂಕ ಬರೆದು ಫ್ರಿಜ್ಜಿನಲ್ಲಿಡಿ.

ಗಿರಣಿಯಲ್ಲೇ ಬೀಸಿಸಬಹುದಲ್ಲ ಎಂದು ಅಕ್ಕ ಕೇಳಿದಳು. ಮಾಡಿ ನೋಡಿದೆವು. ನಾಲ್ಕು ಪಾಲು ಗೋಧಿಗೆ ಒಂದು ಪಾಲು ಚೆನ್ನಾಗಿ ಹುರಿದ ಸೋಯಾ. ಹಸಿ ಸೋಯಾ ಹಾಕಬಾರದು, ಜೀರ್ಣಕ್ಕೆ ಅಡ್ಡಿ. ಇದಕ್ಕಿಂತ ಹೆಚ್ಚು ಹಾಕಿದರೆ ಕಲ್ಲಿಗೆ ಜಿಡ್ಡು ಮೆತ್ತುತ್ತದೆಂದು ಗಿರಣಿಯವರು ಬೈಯುತ್ತಾರೆ. ಈ ಮಿಶ್ರಣದಲ್ಲಿ 100 ಗ್ರಾಂಗೆ ಕಾರ್ಬ್ 64ರಿಂದ ಸುಮಾರು 54ಕ್ಕೆ ಇಳಿಯುತ್ತದೆ, ಪ್ರೋಟೀನ್ ಏರುತ್ತದೆ. ದೊಡ್ಡ ಪವಾಡವೇನಲ್ಲ, ಆದರೆ ಖರ್ಚು ಬಹಳವಿಲ್ಲ.

ಉಳಿದವುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕೊಂಜಾಕ್ ಎಂಬ ಗಡ್ಡೆಯ ನೂಡಲ್ಸ್‌ನಲ್ಲಿ ಇರುವುದು ನೀರು ಮತ್ತು ನಾರು, ಪಿಷ್ಟ ಇಲ್ಲವೆಂದೇ ಹೇಳಬಹುದು. ರುಚಿಯೂ ಇಲ್ಲ. ಸಕ್ಕರೆ ಬೆರೆಸದ ಶೇಂಗಾ ಬೆಣ್ಣೆ ಒಳ್ಳೆಯದೇ, ಆದರೆ ನಮ್ಮ ಮನೆಗಳಲ್ಲಿ ಡಬ್ಬಿ ತುಂಬ ಶೇಂಗಾ ಹಿಂಡಿ (ಚಟ್ನಿಪುಡಿ) ಇರುವಾಗ ಅದೇಕೆ? ಸೋಯಾ ಚಂಕ್ಸ್, ಪನೀರು, ಮೊಟ್ಟೆ, ಮೊಸರು ಇವುಗಳ ಮೇಲೆ ಲೋ ಕಾರ್ಬ್ ಎಂದು ಯಾರೂ ಬರೆಯುವುದಿಲ್ಲ, ಬರೆದವಕ್ಕಿಂತ ಇವೇ ಕೆಲಸಕ್ಕೆ ಬರುತ್ತವೆ.

ಜೋಳದ ರೊಟ್ಟಿಯ ಬಗ್ಗೆ ಒಂದು ಅಪ್ರಿಯ ಮಾತು

ಪೊಟ್ಟಣವನ್ನು ಬೈದದ್ದಕ್ಕೆ ನಮ್ಮ ಕಡೆಯ ಓದುಗರು ಖುಷಿಪಟ್ಟಿರಬಹುದು. ಈಗ ನಮ್ಮದೇ ತಾಟನ್ನು ನೋಡೋಣ. ‘ಸಕ್ಕರೆ ಕಾಯಿಲೆಯೇ? ಜೋಳದ ರೊಟ್ಟಿ ತಿನ್ನು, ಏನೂ ಆಗುವುದಿಲ್ಲ’ ಎಂಬುದು ಹುಬ್ಬಳ್ಳಿಯಿಂದ ಹಾವೇರಿಯವರೆಗೆ ಎಲ್ಲರೂ ಕೊಡುವ ಸಲಹೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಲ್ಲಿ ನಾರು ಬಿಟ್ಟು 100 ಗ್ರಾಂ ಜೋಳಕ್ಕೆ ಕಾರ್ಬೋಹೈಡ್ರೇಟ್ ಸುಮಾರು 68 ಗ್ರಾಂ, ಗೋಧಿ ಹಿಟ್ಟಿಗೆ 64, ಅಕ್ಕಿಗೆ 78. ಜೋಳ ಅಕ್ಕಿಗಿಂತ ಮೇಲು, ಹತ್ತು ಗ್ರಾಂ ನಾರೂ ಇದೆ. ಆದರೆ ಲೋ ಕಾರ್ಬ್ ಖಂಡಿತ ಅಲ್ಲ. ಮೂರು ರೊಟ್ಟಿ ತಿಂದರೆ ನೂರು ಗ್ರಾಂ ಪಿಷ್ಟ ಒಳಗೆ ಹೋಯಿತು, ಮೇಲೆ ಅನ್ನ ಸಾರು ಬೇರೆ. ಭಾರತೀಯರ ದಿನದ ಕ್ಯಾಲೊರಿಯಲ್ಲಿ ಶೇಕಡಾ 62ರಷ್ಟು ಕಾರ್ಬೋಹೈಡ್ರೇಟ್‌ನಿಂದಲೇ ಬರುತ್ತದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ದೊಡ್ಡ ಸಮೀಕ್ಷೆ 2025ರಲ್ಲಿ ಹೇಳಿತು. ನಮ್ಮ ತಾಟು ಅದಕ್ಕೆ ಹೊರತಲ್ಲ.

ನಮ್ಮ ಅದೃಷ್ಟ ಇರುವುದು ರೊಟ್ಟಿಯಲ್ಲಲ್ಲ, ಅದರ ಸುತ್ತ ಇಡುವುದರಲ್ಲಿ. ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಪುಂಡಿಪಲ್ಯ, ಮೆಂತ್ಯೆಸೊಪ್ಪು, ಎಣ್ಣೆಗಾಯಿ, ಹಸಿ ಉಳ್ಳಾಗಡ್ಡಿ, ಹಕ್ಕರಿಕೆ, ಸೌತೆಕಾಯಿ, ಗಟ್ಟಿ ಮೊಸರು. ಬೇರೆ ಊರಿನವರು ದುಡ್ಡು ಕೊಟ್ಟು ಕೊಳ್ಳುವ ಅಗಸಿ ನಮ್ಮಲ್ಲಿ ಚಟ್ನಿಯಾಗಿ ಅಜ್ಜಿಯ ಕಾಲದಿಂದ ಇದೆ. ತಾಟಿನ ಕ್ರಮವನ್ನು ತಿರುಗಿಸಿ. ಮೊದಲು ಸೊಪ್ಪು, ಸೌತೆಕಾಯಿ ತಿನ್ನಿ. ಕಾಳುಪಲ್ಯ ಅಥವಾ ಜುಣಕ ಒಂದು ದೊಡ್ಡ ಬಟ್ಟಲು ಬಡಿಸಿಕೊಳ್ಳಿ. ರೊಟ್ಟಿ ಒಂದೇ, ಪಲ್ಯ ಎತ್ತಿಕೊಳ್ಳಲು ಬೇಕಾದಷ್ಟು. ಅನ್ನ ಆ ಹೊತ್ತಿಗೆ ಬೇಡ. ಸಂಜೆ ಚುರುಮುರಿ, ಗಿರಮಿಟ್ಟಿನ ಬದಲು ಒಂದು ಹಿಡಿ ಹುರಿದ ಶೇಂಗಾ. ಗಿರಮಿಟ್ಟಿನ ಜೊತೆ ಬರುವ ಮಿರ್ಚಿಯ ಬಗ್ಗೆ ನಾನು ಮಾತಾಡುವುದಿಲ್ಲ, ನನಗೂ ದೌರ್ಬಲ್ಯಗಳಿವೆ.

ತೀರ್ಪು ಮೀಟರಿನದು

ಇಷ್ಟಾದ ಮೇಲೂ ಒಂದು ಪೊಟ್ಟಣ ಬೇಕೋ ಬೇಡವೋ ಎಂಬ ಅನುಮಾನ ಉಳಿದರೆ ಗ್ಲುಕೋಮೀಟರ್ ಇದೆ. ಮಧ್ಯಾಹ್ನದ ಊಟಕ್ಕೆ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಗೆ ಸರಿಯಾಗಿ ಇನ್ನೊಮ್ಮೆ ನೋಡಿ. ಕೈ ತೊಳೆದು ಒರೆಸಿಕೊಂಡು ಚುಚ್ಚಿ, ಬೆರಳಿಗೆ ಹಣ್ಣಿನ ರಸ ಅಂಟಿದ್ದರೂ ಅಂಕಿ ಏರುತ್ತದೆ. ಪಲ್ಯ, ಹೊತ್ತು, ನಡಿಗೆ ಎಲ್ಲ ಒಂದೇ ಇರಲಿ, ರೊಟ್ಟಿಯ ಹಿಟ್ಟು ಮಾತ್ರ ಬದಲಾಗಲಿ. ಒಂದೊಂದು ಬಗೆಯ ಊಟವನ್ನು ಮೂರು ದಿನ ಪರೀಕ್ಷಿಸಿ ಸರಾಸರಿ ತೆಗೆಯಿರಿ. ಒಳ್ಳೆಯ ಮೀಟರೂ ಶೇಕಡಾ 15ರಷ್ಟು ಆಚೀಚೆ ತೋರಿಸುವುದಕ್ಕೆ ಮಾನದಂಡದಲ್ಲೇ ಅವಕಾಶವಿದೆ. ಹಾಗಾಗಿ ಹತ್ತು ಅಂಕದ ವ್ಯತ್ಯಾಸ ವ್ಯತ್ಯಾಸವೇ ಅಲ್ಲ.

ಭಾವನವರ ವಹಿಯಲ್ಲಿ ನಾನೇ ಬರೆದ ಸರಾಸರಿಗಳು ಇವು. ಮೂರು ಜೋಳದ ರೊಟ್ಟಿಯ ಊಟ: ಮುಂಚೆ 128, ಎರಡು ಗಂಟೆಗೆ 204. ಪೊಟ್ಟಣದ ಹಿಟ್ಟಿನ ಎರಡು ಚಪಾತಿ: 131ರಿಂದ 158. ಅಂಕಿ ನೋಡಿ ಭಾವನವರು ಗೆದ್ದವರಂತೆ ನಕ್ಕರು. ಮುಂದಿನ ಮೂರು ದಿನ ಅಕ್ಕ ಒಂದೇ ಜೋಳದ ರೊಟ್ಟಿ, ಎರಡು ಪಾಲು ಹೆಸರುಕಾಳಿನ ಪಲ್ಯ, ಒಂದು ತಾಟು ಹಸಿ ತರಕಾರಿ ಇಟ್ಟಳು. 126ರಿಂದ 165. ಮೀಟರಿನ ಕಣ್ಣಿಗೆ 158ಕ್ಕೂ 165ಕ್ಕೂ ಭೇದವಿಲ್ಲ, ಅಕ್ಕನ ಕೈಚೀಲಕ್ಕೆ ಇದೆ. ನಿಮ್ಮ ಅಂಕಿಗಳು ಬೇರೆಯೇ ಬರಬಹುದು, ಆದ್ದರಿಂದಲೇ ಸ್ವಂತ ಬೆರಳನ್ನೇ ಚುಚ್ಚಿಕೊಳ್ಳಬೇಕು.

ಈಗ ಆ ಶೆಲ್ಫಿನಲ್ಲಿ ಉಳಿದಿರುವುದು ಅರ್ಧ ಕಿಲೋ ಹಿಟ್ಟಿನ ಒಂದು ಪೊಟ್ಟಣ, ಚಹಾಕ್ಕೆ ಹಾಕುವ ಸ್ಟೀವಿಯಾ ಹನಿಯ ಒಂದು ಸೀಸೆ. ಹಿಟ್ಟು ವಾರಕ್ಕೆರಡು ದಿನ, ಭಾವನವರಿಗೆ ಚಪಾತಿಯೇ ಬೇಕೆನಿಸಿದ ರಾತ್ರಿ ಹೊರಬರುತ್ತದೆ. ತೆರೆದ ದಿನಾಂಕವನ್ನು ಅಕ್ಕ ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದಾಳೆ, ಪಕ್ಕದಲ್ಲಿ ಬೆಲೆಯನ್ನೂ ಬರೆದಿದ್ದಾಳೆ.